ಛಾವಣಿ ಹಾರಿದ ಮೇಲೆ ಉಳಿದ ಸಭೆ

1994ರ ಮಾರ್ಚ್ 27ರ ಬೆಳಿಗ್ಗೆ ಅಮೆರಿಕದ ಅಲಬಾಮಾ ರಾಜ್ಯದ ಹಳ್ಳಿಗಾಡಿನ ಚರ್ಚೊಂದರಲ್ಲಿ ಆರಾಧನೆಗೆ ಕೂತಿದ್ದವರ ಪೈಕಿ 20 ಮಂದಿ ಸತ್ತರು. ಪೀಡ್‌ಮಾಂಟ್ ಪಟ್ಟಣದ ಹತ್ತಿರದ ಆ ಚರ್ಚಿನ ಹೆಸರು ಗೋಶೆನ್ ಯುನೈಟೆಡ್ ಮೆಥಡಿಸ್ಟ್ ಚರ್ಚ್. ಅಂದು ಗರಿಗಳ ಭಾನುವಾರ. ಯೇಸು ಜೆರುಸಲೇಮಿಗೆ ಬಂದಾಗ ಜನ ಗರಿ ಹಿಡಿದು ಎದುರುಗೊಂಡ ನೆನಪಿನ ಹಬ್ಬ. ಈಸ್ಟರ್‌ಗೆ ಇನ್ನೊಂದೇ ವಾರ. ಹಾಡು, ಅಭಿನಯ ಕೂಡಿದ ಹಬ್ಬದ ಕಾರ್ಯಕ್ರಮ ನಡೆಯುತ್ತಿದ್ದುದರಿಂದ ಒಳಗೆ ಸುಮಾರು 140 ಜನ ಸೇರಿದ್ದರು. ಹನ್ನೊಂದೂವರೆ ದಾಟಿತ್ತು. ಕರೆಂಟು ಹೋಯಿತು. ಕಿಟಕಿಯ ಗಾಜು ಒಡೆಯಿತು. ಏನಾಗುತ್ತಿದೆ ಎಂದು ತಿಳಿಯುವ ಮೊದಲೇ ಸುಂಟರಗಾಳಿಗೆ ಗೋಡೆ ಕುಸಿದು ಛಾವಣಿ ತಲೆಯ ಮೇಲೆ ಬಂತು.

ಸತ್ತವರಲ್ಲಿ ಆರು ಮಂದಿ ಮಕ್ಕಳು. ಸಭಾಪಾಲಕಿ ರೆವರೆಂಡ್ ಕೆಲ್ಲಿ ಕ್ಲೆಮ್ ಅವರ ನಾಲ್ಕು ವರ್ಷದ ಮಗಳೂ ಅವರಲ್ಲಿ ಒಬ್ಬಳು. ಗಾಯಗೊಂಡವರು ಸುಮಾರು 90. ಅಂದರೆ ಒಳಗಿದ್ದವರಲ್ಲಿ ಪೆಟ್ಟು ತಿನ್ನದೆ ಹೊರಬಂದವರೇ ಕಡಿಮೆ. ಕೆಲ್ಲಿ ಕ್ಲೆಮ್ ಕೂಡ ಗಾಯಗೊಂಡಿದ್ದರು. ಹಾಗೆಯೇ ಎದ್ದು ಉಳಿದವರ ನಡುವೆ ಓಡಾಡಿದರು, ಮುಂದಿನ ದಿನಗಳಲ್ಲಿ ಊರಿನ ದುಃಖದ ಎದುರು ನಿಂತರು.

ಸುಂಟರಗಾಳಿಯಿಂದ ಬದುಕುಳಿದು ದೇವರನ್ನು ಕಂಡುಕೊಂಡವರ ಕಥೆಗಳು ಅಮೆರಿಕದಲ್ಲಿ ಬೇಕಾದಷ್ಟಿವೆ. ಸ್ನಾನದ ತೊಟ್ಟಿಯಲ್ಲಿ ಮಲಗಿ ಮೇಲೆ ಹಾಸಿಗೆ ಎಳೆದುಕೊಂಡೆ, ಮನೆಯೆಲ್ಲ ಹೋಯಿತು, ತೊಟ್ಟಿ ಮಾತ್ರ ಉಳಿಯಿತು, ಅಂದಿನಿಂದ ನಾನು ಚರ್ಚಿಗೆ ಹೋಗುತ್ತೇನೆ ಎನ್ನುವ ಬಗೆಯವು. ಅವನ್ನು ಹಗುರವಾಗಿ ಕಾಣುವ ಮನಸ್ಸು ನನಗಿಲ್ಲ. ಸಾವಿನ ಬಾಯಿಂದ ಹೊರಬಂದವರು ಯಾರಿಗಾದರೂ ಕೃತಜ್ಞತೆ ಹೇಳದೆ ಹೇಗೆ ಇರುತ್ತಾರೆ? ಆದರೆ ಗೋಶೆನ್ ಅಂಥ ಕಥೆಗೆ ಸಿಕ್ಕುವುದಿಲ್ಲ. ಅಲ್ಲಿ ಸತ್ತವರು ದೇವರ ಮನೆಯಲ್ಲಿ, ದೇವರ ಹಬ್ಬದ ದಿನ, ದೇವರ ಹಾಡು ಕೇಳುತ್ತಾ ಸತ್ತರು. ನಂಬಿದ್ದಕ್ಕೆ ಉಳಿದೆವು ಎನ್ನುವ ಮಾತನ್ನು ಆ ಊರು ಆಡುವ ಹಾಗೇ ಇರಲಿಲ್ಲ. ಆದರೂ ಆ ಸಭೆ ಚದುರಿ ಹೋಗಲಿಲ್ಲ. ಚಂಡ ಗಾಳಿಯ ನಂತರ ಮನುಷ್ಯನಿಗೆ ನಂಬಿಕೆ ಎಲ್ಲಿಂದ ಬರುತ್ತದೆ ಎಂದು ತಿಳಿಯಬೇಕಾದರೆ ಈ ಊರಿನಿಂದಲೇ ಹೊರಡಬೇಕು ಎಂದು ನನಗೆ ಅನ್ನಿಸುವುದು ಅದಕ್ಕೇ.

ನಮ್ಮ ಓದುಗರಿಗೆ ಒಂದು ಮಾತು ಹೇಳಿಬಿಡಬೇಕು. ಬಂಗಾಳ ಕೊಲ್ಲಿಯಲ್ಲಿ ಏಳುವ ಚಂಡಮಾರುತವೇ ಬೇರೆ, ಟಾರ್ನೆಡೊ ಎಂಬ ಈ ಸುಂಟರಗಾಳಿಯೇ ಬೇರೆ. ಚಂಡಮಾರುತ ನೂರಾರು ಕಿಲೋಮೀಟರ್ ಹರಡಿಕೊಂಡು ದಿನಗಟ್ಟಲೆ ಮುಂಚೆ ಸುದ್ದಿ ಕೊಟ್ಟು ಬರುತ್ತದೆ. ಸುಂಟರಗಾಳಿ ಕೊಡುವುದು ನಿಮಿಷಗಳನ್ನು. ಮೆಕ್ಸಿಕೊ ಕೊಲ್ಲಿಯಿಂದ ಬರುವ ಬೆಚ್ಚನೆಯ ತೇವದ ಗಾಳಿ ಕೆಳಗೆ, ಪಶ್ಚಿಮದ ಬೆಟ್ಟಸಾಲಿನ ಕಡೆಯ ಒಣ ಹವೆ ಅದರ ಮೇಲೆ, ಇನ್ನೂ ಎತ್ತರದಲ್ಲಿ ಬೇರೆ ದಿಕ್ಕಿಗೆ, ಬೇರೆ ವೇಗದಲ್ಲಿ ಓಡುವ ತಣ್ಣನೆಯ ಗಾಳಿ. ಈ ಮೂರೂ ಕೂಡಿದ ಕಡೆ ಗುಡುಗು ಮೋಡವೇ ತಿರುಗತೊಡಗುತ್ತದೆ, ಆ ಸುತ್ತು ಬಿಗಿಯಾಗುತ್ತಾ ನೆಲಕ್ಕಿಳಿಯುತ್ತದೆ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 1,200 ಸುಂಟರಗಾಳಿಗಳು ದಾಖಲಾಗುತ್ತವೆ. ಬಹುಪಾಲು ದುರ್ಬಲ. ಜಪಾನ್ ಮೂಲದ ವಿಜ್ಞಾನಿ ಟೆಟ್ಸುಯಾ ಫುಜಿಟಾ 1971ರಲ್ಲಿ ರೂಪಿಸಿ, 2007ರಿಂದ ತಿದ್ದುಪಡಿಯಾಗಿ ಬಳಕೆಯಲ್ಲಿರುವ ಅಳತೆಯಲ್ಲಿ ಸೊನ್ನೆಯಿಂದ ಐದರವರೆಗೆ ದರ್ಜೆಗಳಿವೆ. ಐದನೆಯ ದರ್ಜೆ ಎಂದರೆ ಗಂಟೆಗೆ 320 ಕಿಲೋಮೀಟರ್‌ಗೂ ಮಿಕ್ಕಿದ ಗಾಳಿ. ಗೋಶೆನ್ನಿನದು ನಾಲ್ಕನೆಯ ದರ್ಜೆ. ನಮ್ಮ ಉಪಖಂಡಕ್ಕೂ ಇದು ಹೊಸತಲ್ಲ: 1989ರ ಏಪ್ರಿಲ್‌ನಲ್ಲಿ ಬಾಂಗ್ಲಾದೇಶದ ದೌಲತ್‌ಪುರ, ಸಾಟುರಿಯಾ ಸೀಮೆಯಲ್ಲಿ ಸುಮಾರು 1,300 ಜನರನ್ನು ಕೊಂದ ಸುಂಟರಗಾಳಿಯೇ ಲೋಕದ ದಾಖಲೆಯಲ್ಲಿ ಅತಿ ಹೆಚ್ಚು ಪ್ರಾಣ ತೆಗೆದದ್ದು.

ಆದರೆ ಅಳತೆಗಿಂತ ಮುಖ್ಯವಾದ ಒಂದು ಗುಣ ಇದಕ್ಕಿದೆ. ಭೂಕಂಪ ಊರಿಗೆ ಊರನ್ನೇ ಅಲುಗಿಸುತ್ತದೆ. ನೆರೆ ತಗ್ಗಿನಲ್ಲಿರುವ ಎಲ್ಲರ ಮನೆಗೂ ನುಗ್ಗುತ್ತದೆ. ಸುಂಟರಗಾಳಿ ಬೀದಿಯ ಈ ಬದಿಯ ಮನೆಯನ್ನು ಅಡಿಪಾಯದಿಂದ ಕಿತ್ತು, ಆ ಬದಿಯ ಮನೆಯ ಹೂಕುಂಡವನ್ನೂ ಮುಟ್ಟದೆ ಹೋಗಬಲ್ಲದು. ಹಾಗಾಗಿ ಉಳಿದವರ ಎದೆಯಲ್ಲಿ ಒಂದೇ ಪ್ರಶ್ನೆ: ಅವರೇಕೆ, ನಾನೇಕಲ್ಲ? ಮಗುವನ್ನು ಕಳೆದುಕೊಂಡ ತಾಯಿಯದು ಅದೇ ಪ್ರಶ್ನೆಯ ತಿರುವುಮುರುವು. ಒಂದೇ ಬೆಂಚಿನಲ್ಲಿ ಕೂತಿದ್ದ ಇಬ್ಬರಿಗೆ ಎರಡು ಪ್ರಶ್ನೆ, ಉತ್ತರ ಮಾತ್ರ ಒಂದೂ ಇಲ್ಲ.

ಗೋಶೆನ್ನಿಗೆ ಪತ್ರಕರ್ತರು ಬಂದು ಕೇಳಿದ್ದೂ ಇದನ್ನೇ. ಅದೇ ಸೀಮೆಯಲ್ಲಿ ಹುಟ್ಟಿ ಬೆಳೆದ ರಿಕ್ ಬ್ರ್ಯಾಗ್ ಎಂಬ ವರದಿಗಾರ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಬರೆದ ವರದಿ ಬಹಳ ಜನರ ಕಣ್ಣು ತೇವ ಮಾಡಿತು. ಕೆಲ್ಲಿ ಕ್ಲೆಮ್ ಅಂದು ಹೇಳಿದ್ದರ ಸಾರ ಇಷ್ಟು: ಯಾಕೆ ಹೀಗಾಯಿತು ಎಂಬುದು ನಮಗೆ ಗೊತ್ತಿಲ್ಲ, ಈಗ ಕೇಳಬೇಕಾದ ಪ್ರಶ್ನೆಯೂ ಅದಲ್ಲ, ಇದನ್ನು ದಾಟಲು ಒಬ್ಬರಿಗೊಬ್ಬರು ಆಗಬೇಕು, ನಂಬಿಕೆ ಅಲುಗಾಡುವುದೇ ಬೇರೆ, ನಂಬಿಕೆ ಕಳೆದುಕೊಳ್ಳುವುದೇ ಬೇರೆ. ಮಗಳನ್ನು ಕಳೆದುಕೊಂಡ ತಾಯಿ ಆಡಿದ ಮಾತು ಇದು. ಪ್ರವಚನ ಮಾಡುವುದೇ ಕಸುಬಾಗಿರುವ ಒಬ್ಬರು ದೇವರ ಪರವಾಗಿ ವಕಾಲತ್ತು ವಹಿಸಲು ಹೋಗಲಿಲ್ಲ. ಪಾಪದ ಫಲ ಎನ್ನಲಿಲ್ಲ, ಪರೀಕ್ಷೆ ಎನ್ನಲಿಲ್ಲ, ಮಕ್ಕಳನ್ನು ದೇವರು ಇಷ್ಟಪಟ್ಟು ಕರೆದುಕೊಂಡ ಎಂದೂ ಹೇಳಲಿಲ್ಲ. ನನ್ನ ಮಟ್ಟಿಗೆ ಈ ಹೇಳದೆ ಉಳಿದದ್ದೇ ದೊಡ್ಡದು.

ಬೈಬಲ್ಲಿನ ಯೋಬನ ಗ್ರಂಥ ಬಲ್ಲವರಿಗೆ ಇದರ ಬೆಲೆ ತಿಳಿಯುತ್ತದೆ. ಯೋಬನ ಹತ್ತು ಮಂದಿ ಮಕ್ಕಳೂ ಸಾಯುವುದು ಗಾಳಿಗೆ ಸಿಕ್ಕಿಯೇ. ಮರುಭೂಮಿಯ ಕಡೆಯಿಂದ ಬಂದ ಬಿರುಗಾಳಿ ಮನೆಯ ನಾಲ್ಕು ಮೂಲೆಗೂ ಬಡಿದು, ಒಟ್ಟಿಗೆ ಊಟಕ್ಕೆ ಕೂತಿದ್ದವರ ಮೇಲೆ ಮನೆ ಬೀಳುತ್ತದೆ. ಸುದ್ದಿ ಕೇಳಿ ಮೂವರು ಗೆಳೆಯರು ಬರುತ್ತಾರೆ. ಏಳು ದಿನ, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂರುತ್ತಾರೆ. ಅಷ್ಟು ಹೊತ್ತು ಅವರು ನಿಜವಾದ ಗೆಳೆಯರು. ಆಮೇಲೆ ಬಾಯಿ ತೆರೆದು ಕಾರಣ ಹೇಳಲು ಹೊರಟ ಕೂಡಲೇ ಎಲ್ಲ ಕೆಡುತ್ತದೆ: ನೀನು ಏನೋ ತಪ್ಪು ಮಾಡಿರಬೇಕು, ದೇವರು ಸುಮ್ಮನೆ ಶಿಕ್ಷಿಸುವವನಲ್ಲ. ಗ್ರಂಥದ ಕೊನೆಯಲ್ಲಿ ದೇವರು ಬಿರುಗಾಳಿಯೊಳಗಿಂದಲೇ ಮಾತಾಡುತ್ತಾನೆ, ಆದರೆ ಯಾಕೆ ಎಂಬುದಕ್ಕೆ ಉತ್ತರ ಕೊಡುವುದಿಲ್ಲ. ಕಾರಣ ಕೊಟ್ಟ ಗೆಳೆಯರ ಮೇಲೆ ಮಾತ್ರ ಕೋಪ ಮಾಡಿಕೊಳ್ಳುತ್ತಾನೆ.

ಗೋಶೆನ್ನಿನಲ್ಲಿ ಆ ವಾರವಿಡೀ ಶವಸಂಸ್ಕಾರಗಳು. ಏಪ್ರಿಲ್ 3ರ ಈಸ್ಟರ್ ಮುಂಜಾನೆ, ಕುಸಿದ ಚರ್ಚಿನ ಅಂಗಳದಲ್ಲೇ ಜನ ಸೇರಿ ಆರಾಧನೆ ನಡೆಸಿದರು. ಕಟ್ಟು ಕಟ್ಟಿಕೊಂಡವರು, ಊರುಗೋಲು ಹಿಡಿದವರು, ಹೆಂಡತಿಯನ್ನೋ ಮಗುವನ್ನೋ ಆಗಷ್ಟೇ ಮಣ್ಣು ಮಾಡಿ ಬಂದವರು, ಏನೂ ಆಗದವರು, ಎಲ್ಲರೂ ಅಕ್ಕಪಕ್ಕ. ಏನೂ ಆಗದವರಿಗೆ ಆ ಬೆಳಿಗ್ಗೆ ಅಲ್ಲಿ ನಿಲ್ಲುವುದು ಹೆಚ್ಚು ಕಷ್ಟವಾಗಿರಬೇಕು ಎಂದು ನನ್ನ ಊಹೆ. ಆಮೇಲೆ ಸಭೆ ಹೊಸ ಕಟ್ಟಡ ಕಟ್ಟಿಕೊಂಡಿತು. ಕೆಲ್ಲಿಯವರ ಪತಿ ಡೇಲ್ ಕ್ಲೆಮ್ ಕೂಡ ಮೆಥಡಿಸ್ಟ್ ಬೋಧಕರೇ. ಮಗಳನ್ನು ಕಳೆದುಕೊಂಡ ಆ ಕಾಲದ ಬಗ್ಗೆ ಒಂದು ಪುಸ್ತಕ ಬರೆದರು.

ಇಲ್ಲಿ ಇನ್ನೊಂದು ಎಳೆಯನ್ನು ಹಿಡಿಯದೆ ಮುಂದೆ ಹೋಗಲಾಗದು. ಅಂದು ಹವಾಮಾನ ಇಲಾಖೆ ಆ ಭಾಗಕ್ಕೆ ಸುಂಟರಗಾಳಿಯ ಎಚ್ಚರಿಕೆ ಕೊಟ್ಟಿತ್ತು, ಸುಮಾರು ಹತ್ತು ನಿಮಿಷ ಮುಂಚೆ. ಚರ್ಚಿನೊಳಗೆ ಹಾಡು ಕೇಳುತ್ತಿದ್ದವರಿಗೆ ಅದು ತಲುಪಲಿಲ್ಲ. ಹತ್ತು ನಿಮಿಷ ಕಡಿಮೆಯಲ್ಲ. ಮಕ್ಕಳನ್ನು ಎತ್ತಿಕೊಂಡು ದೊಡ್ಡ ಹಾಲಿನಿಂದ ಒಳಗಿನ ಸಣ್ಣ ಕೋಣೆಗಳಿಗೆ ಹೋಗಲು ಸಾಕು. ಆಗಿನ ಉಪಾಧ್ಯಕ್ಷ ಅಲ್ ಗೋರ್ ಗೋಶೆನ್ನಿಗೆ ಬಂದು ನೋಡಿದರು. ಹವಾಮಾನ ಎಚ್ಚರಿಕೆ ಬಂದ ಕೂಡಲೇ ತಾನೇ ಕೂಗಿಕೊಳ್ಳುವ ರೇಡಿಯೊ, ಹೊಗೆ ಕಂಡು ಕೂಗುವ ಉಪಕರಣದ ಹಾಗೆ ಮನೆಮನೆಯಲ್ಲೂ ಶಾಲೆ, ಚರ್ಚುಗಳಲ್ಲೂ ಇರಬೇಕೆಂದು ಒತ್ತಾಯಿಸಿದರು. ಆ ರೇಡಿಯೊ ಪ್ರಸಾರದ ಗೋಪುರಗಳ ಜಾಲ ದೇಶವಿಡೀ ಹಬ್ಬಲು ಗೋಶೆನ್ನಿನ ಸಾವುಗಳು ಒಂದು ಮುಖ್ಯ ಕಾರಣ.

ಅದಕ್ಕೂ ಹಿಂದೆ, 1972ರಲ್ಲಿ, ಜಾನ್ ಸಿಮ್ಸ್ ಮತ್ತು ಡ್ವೇನ್ ಬೌಮನ್ ಎಂಬ ಇಬ್ಬರು ವಿದ್ವಾಂಸರು ಸೈನ್ಸ್ ಪತ್ರಿಕೆಯಲ್ಲಿ ಒಂದು ಲೇಖನ ಬರೆದಿದ್ದರು. ಉತ್ತರದ ಇಲಿನಾಯ್ ಜನರಿಗಿಂತ ದಕ್ಷಿಣದ ಅಲಬಾಮಾ ಜನ ಸುಂಟರಗಾಳಿಗೆ ಹೆಚ್ಚು ಸಾಯುವುದೇಕೆ ಎಂಬುದು ಅವರ ವಿಷಯ. ಇಲಿನಾಯ್‌ನವರು ರೇಡಿಯೊ ಹಾಕುತ್ತಾರೆ, ನೆರೆಯವರಿಗೆ ಹೇಳುತ್ತಾರೆ. ಅಲಬಾಮಾದವರು ಆಕಾಶ ನೋಡುತ್ತಾರೆ, ಎಲ್ಲ ದೇವರ ಕೈಯಲ್ಲಿದೆ ಎನ್ನುತ್ತಾರೆ ಎಂದು ಅವರು ವಾದಿಸಿದರು. ಹಣೆಬರಹ ತಪ್ಪಿಸಲಾದೀತೇ ಎನ್ನುವ ನಮ್ಮ ಮಾತಿಗೆ ಹತ್ತಿರದ ಮನೋಭಾವ. ಮುಂದೆ ಬಂದ ಸಂಶೋಧಕರು ಇದನ್ನು ಅಷ್ಟಕ್ಕೆ ಒಪ್ಪಲಿಲ್ಲ. ದಕ್ಷಿಣದಲ್ಲಿ ರಾತ್ರಿ ಹೊತ್ತು ಬರುವ ಸುಂಟರಗಾಳಿ ಹೆಚ್ಚು, ಕಾಡು ಮತ್ತು ಗುಡ್ಡ ಅಡ್ಡ ಇರುವುದರಿಂದ ದೂರದಿಂದ ಕಾಣುವುದಿಲ್ಲ, ಬಡವರು ವಾಸಿಸುವ ತಗಡಿನ ಹಗುರ ಮನೆಗಳು ಹೆಚ್ಚು, ನೆಲಮಾಳಿಗೆ ಇರುವ ಮನೆ ಕಡಿಮೆ ಎಂದು ತೋರಿಸಿದರು. ಸಾವಿನ ಲೆಕ್ಕವನ್ನು ನಂಬಿಕೆಯ ತಲೆಗೆ ಕಟ್ಟುವ ಮೊದಲು ಬಡತನವನ್ನು ನೋಡಬೇಕಿತ್ತು. ಆದರೂ ಆ ಲೇಖನ ಎತ್ತಿದ ಪ್ರಶ್ನೆ ಸತ್ತಿಲ್ಲ. ದೇವರು ಕಾಯುತ್ತಾನೆ ಎಂದು ಕೂತವನೂ ನಂಬುವವನೇ, ನೆರೆಮನೆಯ ಅಜ್ಜಿಯ ಬಾಗಿಲು ಬಡಿದು ಎಬ್ಬಿಸಿ ಕರೆದೊಯ್ಯುವವನೂ ನಂಬುವವನೇ. ಇವೆರಡನ್ನೂ ಒಂದೇ ತೂಕಕ್ಕೆ ಹಾಕಲು ನಾನು ತಯಾರಿಲ್ಲ.

ಮಿಸೌರಿ ರಾಜ್ಯದ ಜೋಪ್ಲಿನ್ ನಗರಕ್ಕೆ ಬರೋಣ. 2011ರ ಮೇ 22, ಅದೂ ಭಾನುವಾರವೇ, ಸಂಜೆ 5.41ರ ಹೊತ್ತಿಗೆ ಐದನೆಯ ದರ್ಜೆಯ ಸುಂಟರಗಾಳಿ ನಗರದ ನಡುವೆ ನುಗ್ಗಿತು. ಕೆಲವೆಡೆ ಅದರ ಅಗಲ ಒಂದೂವರೆ ಕಿಲೋಮೀಟರ್‌ನಷ್ಟಿತ್ತು. ಸತ್ತವರು 158 ಮಂದಿ. ಜಖಂಗೊಂಡ ಮನೆಗಳು ಸುಮಾರು 7,500. ಎತ್ತರದ ಸೇಂಟ್ ಜಾನ್ಸ್ ಆಸ್ಪತ್ರೆಯ ಕಟ್ಟಡ ಮತ್ತೆ ಬಳಸಲಾಗದಷ್ಟು ನುಗ್ಗಾಯಿತು. ಸಂಜೆಯ ಆರಾಧನೆಗೆ ಚರ್ಚಿಗೆ ಬಂದಿದ್ದವರಲ್ಲೂ ಸತ್ತವರಿದ್ದರು. ಸೇಂಟ್ ಮೇರಿಸ್ ಕ್ಯಾಥೊಲಿಕ್ ಚರ್ಚು ನೆಲಸಮವಾಗಿ, ಅದರ ಕಬ್ಬಿಣದ ಶಿಲುಬೆ ಮಾತ್ರ ನೆಟ್ಟಗೆ ಉಳಿಯಿತು. ಅಲ್ಲಿನ ಪಾದ್ರಿ ಸ್ನಾನದ ತೊಟ್ಟಿಯೊಳಗೆ ಅಡಗಿ ಬದುಕಿದರು.

ಆ ಶಿಲುಬೆಯ ಚಿತ್ರ ಲೋಕವನ್ನೆಲ್ಲ ಸುತ್ತಿತು. ಚಿಟ್ಟೆ ರೆಕ್ಕೆಯ ಮನುಷ್ಯರು ಬಂದು ತಮ್ಮನ್ನು ಮುಚ್ಚಿಕೊಂಡು ಕಾಪಾಡಿದರು ಎಂದು ಅಲ್ಲಿನ ಕೆಲವು ಮಕ್ಕಳು ಹೇಳಿದ ಮಾತೂ ಹಬ್ಬಿತು. ಅದೇ ವರ್ಷ ಊರಿನ ಗೋಡೆಯೊಂದರ ಮೇಲೆ ಜನ ಸೇರಿ ಬಿಡಿಸಿದ ದೊಡ್ಡ ಚಿತ್ರದಲ್ಲೂ ಚಿಟ್ಟೆಗಳು ಸೇರಿಕೊಂಡವು. ಮಗುವಿಗೆ ಹಾಗೆ ಕಂಡಿದ್ದರೆ ಕಂಡಿದೆ. ಅದನ್ನು ಕೆದಕಿ ಪರೀಕ್ಷಿಸುವ ಹಕ್ಕು ಯಾರಿಗೂ ಇಲ್ಲ. ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಶಿಲುಬೆಗಿಂತ, ಚಿಟ್ಟೆಗಿಂತ ಬಹಳ ಸಾಮಾನ್ಯವಾದ ಒಂದು ಕೆಲಸ.

ಸುಂಟರಗಾಳಿ ಮನೆಗಳನ್ನು ಸೀಳಿದಾಗ ಒಳಗಿನ ಫೋಟೊಗಳು ಮೋಡಕ್ಕೆ ಏರಿ, ಹತ್ತಾರು ಮೈಲಿ ದೂರದ ಹೊಲಗಳಲ್ಲಿ ಬಂದು ಬಿದ್ದವು. ಮದುವೆಯ ಫೋಟೊ, ಶಾಲೆಯ ಫೋಟೊ, ಯುದ್ಧಕ್ಕೆ ಹೋದ ತಾತನ ಫೋಟೊ. ಹತ್ತಿರದ ಕಾರ್ತೇಜ್ ಪಟ್ಟಣದ ಫಸ್ಟ್ ಬ್ಯಾಪ್ಟಿಸ್ಟ್ ಚರ್ಚಿನವರು ಇವನ್ನು ಸೇರಿಸಲು ಮುಂದಾದರು. ಸಿಕ್ಕವರು ತಂದುಕೊಟ್ಟರು, ದೂರದವರು ಅಂಚೆಯಲ್ಲಿ ಕಳಿಸಿದರು. ಬಂದದ್ದು 30,000ಕ್ಕೂ ಹೆಚ್ಚು. ಕೆಸರು, ಗಾಜಿನ ಪುಡಿ, ಗೋಡೆಯೊಳಗಿನ ನಾರು ಅಂಟಿಕೊಂಡಿದ್ದ ಒಂದೊಂದನ್ನೂ ಸ್ವಯಂಸೇವಕರು ಮೆಲ್ಲಗೆ ಒರೆಸಿ, ಒಣಗಿಸಿ, ಸ್ಕ್ಯಾನ್ ಮಾಡಿ ಇಟ್ಟರು. ಯಾರದೆಂದು ಗೊತ್ತಿಲ್ಲದ ಮುಖಗಳನ್ನು ಗಂಟೆಗಟ್ಟಲೆ ಶುಚಿ ಮಾಡುವ ಕೆಲಸ ಅದು. ಮನೆ ಕಳೆದುಕೊಂಡವರು ಬಂದು ಪುಟ ತಿರುಗಿಸಿ ತಮ್ಮವರನ್ನು ಹುಡುಕಿಕೊಂಡರು. ಮಗ ಸತ್ತಿರುವ ಮನೆಯವರಿಗೆ ಮಗನ ಒಂದು ಚಿತ್ರ ಸಿಕ್ಕುವುದೆಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ.

ಸಣ್ಣ ಊರಿನ ಅಮೆರಿಕದಲ್ಲಿ ಚರ್ಚು ಭಾನುವಾರದ ಕಟ್ಟಡ ಮಾತ್ರವಲ್ಲ. ನೂರು ಜನರಿಗೆ ಅಡುಗೆ ಮಾಡುವ ಪಾತ್ರೆ ಅಲ್ಲಿರುತ್ತದೆ, ಮಡಚುವ ಮೇಜು ಕುರ್ಚಿ ಇರುತ್ತವೆ, ಯಾವ ಬೀದಿಯಲ್ಲಿ ಯಾವ ಮುದುಕಿ ಒಬ್ಬಳೇ ಇದ್ದಾಳೆ ಎಂಬ ಪಟ್ಟಿ ಇರುತ್ತದೆ, ಫೋನ್ ಮಾಡಿದರೆ ಬರುವ ಜನ ಇರುತ್ತಾರೆ. ನಮ್ಮಲ್ಲಿ ಮಠದ ದಾಸೋಹದ ಮನೆ, ದರ್ಗಾದ ಅಂಗಳ, ಊರ ದೇವಸ್ಥಾನದ ಕಲ್ಯಾಣಮಂಟಪ ಆಪತ್ತಿಗೆ ಒದಗಿದಂತೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ದೇವಸ್ಥಾನ, ಮಸೀದಿ, ಚರ್ಚುಗಳು ಬಾಗಿಲು ತೆರೆದು ನಿರಾಶ್ರಿತರನ್ನು ಇರಿಸಿಕೊಂಡದ್ದನ್ನು ನಾವು ಕಂಡಿದ್ದೇವೆ.

ಅಮೆರಿಕದಲ್ಲಿ ಈ ಕೆಲಸವನ್ನು ಪಂಗಡಗಳು ಹಂಚಿಕೊಂಡಿವೆ. ಹಳದಿ ಅಂಗಿಯ ಸದರ್ನ್ ಬ್ಯಾಪ್ಟಿಸ್ಟರು ದೊಡ್ಡ ಅಡುಗೆಮನೆಗಳನ್ನು ಟ್ರಕ್ಕಿನಲ್ಲಿ ತಂದು ಸಾವಿರಾರು ಊಟ ಬೇಯಿಸುತ್ತಾರೆ. ಮೋಟಾರು ಗರಗಸ ಹಿಡಿದು ಬಿದ್ದ ಮರ ಕಡಿಯುತ್ತಾರೆ. 1950ರಲ್ಲಿ ಕಾನ್ಸಾಸ್‌ನಲ್ಲಿ ಶುರುವಾದ ಮೆನೊನೈಟ್ ಡಿಸಾಸ್ಟರ್ ಸರ್ವಿಸ್‌ನ ಬಡಗಿಗಳು ಎಲ್ಲರೂ ಹೋದ ಮೇಲೆ ಬಂದು ತಿಂಗಳುಗಟ್ಟಲೆ ಇದ್ದು ಮನೆ ಕಟ್ಟಿಕೊಡುತ್ತಾರೆ. ಸೆವೆಂತ್ ಡೇ ಅಡ್ವೆಂಟಿಸ್ಟರಿಗೆ ದಾನವಾಗಿ ಬಂದ ಸಾಮಾನಿನ ಗೋದಾಮು ನಡೆಸುವುದು ಕರಗತ. ಚರ್ಚ್ ಆಫ್ ದಿ ಬ್ರೆದ್ರೆನ್ ಎಂಬ ಪುಟ್ಟ ಪಂಗಡದವರು ಆಟದ ಸಾಮಾನು ತಂದು, ಅಪ್ಪ ಅಮ್ಮ ಅರ್ಜಿ ತುಂಬುವ ಹೊತ್ತಿನಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಗಾಳಿಯ ಸದ್ದು ಕೇಳಿ ಬೆಚ್ಚುವ ಮಗು ಅಲ್ಲಿ ಮರದ ಇಟ್ಟಿಗೆಯಲ್ಲಿ ಮನೆ ಕಟ್ಟುತ್ತದೆ, ಉರುಳಿಸುತ್ತದೆ, ಮತ್ತೆ ಕಟ್ಟುತ್ತದೆ. ಬೇಡ ಎನ್ನದೆ ಬಿಡುವುದನ್ನು ಆ ಸ್ವಯಂಸೇವಕರಿಗೆ ಕಲಿಸಿರುತ್ತಾರೆ.

ಚರ್ಚಿಗೆ ಎಂದೂ ಕಾಲಿಡದವರು ಸುಂಟರಗಾಳಿಯ ನಂತರ ಅಲ್ಲಿಗೆ ಸೇರುವುದು ಬಹುಮಟ್ಟಿಗೆ ಈ ಬಾಗಿಲಿನಿಂದ. ಮೊದಲ ದಿನ ಛಾವಣಿಗೆ ಹೊದಿಸುವ ನೀಲಿ ತಾಡಪಾಲು ಕೇಳಿಕೊಂಡು ಬರುತ್ತಾರೆ. ಆಮೇಲೆ ಬಿಸಿ ಊಟಕ್ಕೆ. ಆಮೇಲೆ ವಿಮಾ ಕಂಪನಿಯ ಪತ್ರ ತೋರಿಸಿ, ಇದೇನು ಹೇಳುತ್ತಿದೆ ಎಂದು ಕೇಳಲು. ಒಂದು ದಿನ ಕೇಳುವುದೇನೂ ಇರುವುದಿಲ್ಲ, ಆದರೂ ಬರುತ್ತಾರೆ. ಯಾಕೆಂದರೆ ಗುಡುಗಿದರೆ ಕೈ ನಡುಗುತ್ತದೆ ಎಂದು ಹೇಳಿಕೊಳ್ಳಲು ಅಲ್ಲಿ ನಾಚಿಕೆಯಿಲ್ಲ. ಕೆಲವು ತಿಂಗಳ ನಂತರ ನೋಡಿದರೆ ಅದೇ ಮನುಷ್ಯ ಬಡಿಸುವ ಕಡೆ ನಿಂತಿರುತ್ತಾನೆ. ಸಭೆಯ ಮುಂದೆ ಸಾಕ್ಷಿ ಹೇಳಲು ಎದ್ದಾಗ ಅವನು ಹೇಳುವುದು ಸ್ನಾನದ ತೊಟ್ಟಿಯ ಐದು ನಿಮಿಷಗಳನ್ನೇ ಇರಬಹುದು. ಅವನನ್ನು ಅಲ್ಲಿ ಉಳಿಸಿದ್ದು ಆನಂತರದ ತಿಂಗಳುಗಳು.

ಈ ಮಾತು ಬಂದಾಗ ನಮ್ಮಲ್ಲಿ ಹಲವರಿಗೆ ಒಂದು ಅನುಮಾನ ಏಳುತ್ತದೆ, ಏಳಲಿ. ಅನ್ನ ಕೊಟ್ಟು ದೇವರನ್ನು ಒಪ್ಪಿಸುವುದು ಸರಿಯೇ? ಖಂಡಿತ ಅಲ್ಲ. ಹಸಿದವನ ತಟ್ಟೆಗೆ ಷರತ್ತು ಕಟ್ಟಿದರೆ ಅದು ಅನ್ನಕ್ಕೂ ಅವಮಾನ, ದೇವರಿಗೂ ಅವಮಾನ. ಯಾರನ್ನೂ ಯಾವ ಮತವೆಂದು ಕೇಳದೆ ಕೊಡಬೇಕು ಎಂಬುದು ಈ ಕ್ಷೇತ್ರದಲ್ಲಿ ಒಪ್ಪಿತ ನಿಯಮ. ಮುರಿಯುವವರೂ ಇದ್ದಾರೆ, ಅವರಿಗೆ ಸುಂಟರಗಾಳಿ ಒಂದು ಸಂತೆ.

2013ರ ಮೇ 20ರಂದು ಒಕ್ಲಹೊಮಾದ ಮೂರ್ ಪಟ್ಟಣದಲ್ಲಿ 24 ಮಂದಿಯನ್ನು ಕೊಂದ ಸುಂಟರಗಾಳಿಯ ಮರುದಿನ ನಡೆದದ್ದನ್ನು ಇಲ್ಲಿ ನೆನೆಯಬೇಕು. ಸತ್ತವರಲ್ಲಿ ಏಳು ಮಕ್ಕಳು ಒಂದೇ ಪ್ರಾಥಮಿಕ ಶಾಲೆಯವರು. ಮನೆ ಬಿಟ್ಟು ಸಮಯಕ್ಕೆ ಸರಿಯಾಗಿ ಹೊರಟು ಬದುಕಿದ ಯುವತಿಯೊಬ್ಬಳು ಮಗುವನ್ನು ಎತ್ತಿಕೊಂಡು ಟೀವಿ ಕ್ಯಾಮರಾ ಮುಂದೆ ನಿಂತಿದ್ದಳು. ದೇವರಿಗೆ ಕೃತಜ್ಞತೆ ಹೇಳುತ್ತೀರಲ್ಲವೇ ಎಂದು ಸಿಎನ್‌ಎನ್‌ನ ನಿರೂಪಕ ಕೇಳಿದರು. ತಾನು ನಾಸ್ತಿಕಳೆಂದು ಆಕೆ ನಗುನಗುತ್ತಲೇ ಹೇಳಿದಳು. ದೇವರಿಗೆ ಕೃತಜ್ಞತೆ ಹೇಳುವವರನ್ನು ದೂರುವುದಿಲ್ಲ ಎಂದೂ ಸೇರಿಸಿದಳು. ಎಷ್ಟು ಘನತೆಯ ಉತ್ತರ! ಕೇಳಿದವರ ಪ್ರಶ್ನೆಯಲ್ಲಿ ಆ ಘನತೆ ಇರಲಿಲ್ಲ. ಏಳು ಮಕ್ಕಳನ್ನು ಕಳೆದುಕೊಂಡ ಮನೆಗಳವರೂ ಅದೇ ಟೀವಿ ನೋಡುತ್ತಿರಬಹುದು ಎಂಬ ಎಚ್ಚರ ಅದಕ್ಕಿರಲಿಲ್ಲ. ನನ್ನ ಮಗುವನ್ನು ದೇವರು ಕಾಪಾಡಿದ ಎಂದು ಮನಸ್ಸಿನಲ್ಲಿ ಕೈಮುಗಿಯುವುದು ಪ್ರಾರ್ಥನೆ. ಅದನ್ನೇ ಕ್ಯಾಮರಾ ಮುಂದೆ ಸಿದ್ಧಾಂತ ಮಾಡಿದರೆ ಪಕ್ಕದ ಮನೆಯ ತಾಯಿಯ ಮೇಲೆ ಕಲ್ಲೆಸೆದಂತೆ.

ಆಪತ್ತು ನಿಜವಾಗಿಯೂ ಜನರನ್ನು ದೇವರ ಕಡೆ ತಿರುಗಿಸುತ್ತದೆಯೇ? 2011ರ ಫೆಬ್ರವರಿಯಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದಲ್ಲಿ 185 ಜನರನ್ನು ಕೊಂದ ಭೂಕಂಪದ ಮುಂಚೆ ಮತ್ತು ನಂತರ ಒಂದೇ ಜನರನ್ನು ಕೇಳಿದ ಅಧ್ಯಯನವೊಂದಿದೆ. ಕ್ರಿಸ್ ಸಿಬ್ಲಿ, ಜೋಸೆಫ್ ಬಲ್ಬುಲಿಯಾ 2012ರಲ್ಲಿ ಪ್ರಕಟಿಸಿದ್ದು. ದೇಶದ ಉಳಿದ ಕಡೆ ಧರ್ಮದ ಒಲವು ಇಳಿಯುತ್ತಿದ್ದಾಗ ಭೂಕಂಪ ತಟ್ಟಿದವರಲ್ಲಿ ಅದು ಏರಿತ್ತು. ಆದರೆ ಹೊಸದಾಗಿ ನಂಬಿದವರ ಆರೋಗ್ಯ, ನೆಮ್ಮದಿ ಅದರಿಂದ ಹೆಚ್ಚಿತು ಎನ್ನಲು ಪುರಾವೆ ಸಿಗಲಿಲ್ಲ. ಕುಸಿದದ್ದು ಇದ್ದ ನಂಬಿಕೆಯನ್ನು ಕಳೆದುಕೊಂಡವರದು. ನಂಬಿಕೆಯನ್ನು ಔಷಧಿಯಂತೆ ಮಾರುವವರು ಇದನ್ನು ಓದಬೇಕು. ಹೊಡೆತದ ಮೊದಲ ದಿನಗಳಲ್ಲಿ ಎದ್ದ ಭಕ್ತಿ ತಾನಾಗಿ ಯಾರನ್ನೂ ಗುಣಪಡಿಸುವುದಿಲ್ಲ. ಇದ್ದ ಆಸರೆ ಕಳಚಿದವರ ಪಕ್ಕದಲ್ಲಿ ಯಾರಾದರೂ ಇರಬೇಕು, ಅವರು ಮತ್ತೆ ನಂಬಲಿ ಬಿಡಲಿ.

ಜೋಪ್ಲಿನ್‌ಗೆ ಇನ್ನೊಂದು ಪರೀಕ್ಷೆ ಬಂತು. 2012ರ ಆಗಸ್ಟ್ 6ರಂದು ಅಲ್ಲಿನ ಒಂದೇ ಒಂದು ಮಸೀದಿಗೆ ಯಾರೋ ಬೆಂಕಿ ಹಚ್ಚಿ ಸುಟ್ಟರು, ಅದೂ ರಂಜಾನ್ ತಿಂಗಳಲ್ಲಿ. ಊರೇ ಮುರಿದು ಬಿದ್ದ ಹೊತ್ತಿನಲ್ಲಿ ಒಟ್ಟಿಗೆ ನಿಂತವರಲ್ಲಿ ಮುಸ್ಲಿಮರೂ ಇದ್ದರು. ಈ ಬಾರಿ ಚರ್ಚೊಂದು ತನ್ನ ಬಾಗಿಲು ತೆರೆದು ಅವರ ಇಫ್ತಾರಿಗೆ ಜಾಗ ಮಾಡಿಕೊಟ್ಟಿತು. ಸುಂಟರಗಾಳಿಯ ವರ್ಷದಲ್ಲಿ ಕಲಿತದ್ದನ್ನು ಆ ಊರಿನ ಕೆಲವರಾದರೂ ಮರೆತಿರಲಿಲ್ಲ.

ಕೆಂಟಕಿಯ ಮೇಫೀಲ್ಡ್‌ನ ಗಾಯ ಇನ್ನೂ ಹಸಿ. 2021ರ ಡಿಸೆಂಬರ್ 10ರ ರಾತ್ರಿ, 266 ಕಿಲೋಮೀಟರ್ ಉದ್ದಕ್ಕೆ ನೆಲ ಬಿಡದೆ ಸಾಗಿ 57 ಮಂದಿಯನ್ನು ಕೊಂದ ಸುಂಟರಗಾಳಿ ಆ ಪಟ್ಟಣದ ನಡುವೆ ಹಾದುಹೋಯಿತು. ಕ್ರಿಸ್‌ಮಸ್ ಬೇಡಿಕೆಗೆ ರಾತ್ರಿ ಪಾಳಿ ನಡೆಸುತ್ತಿದ್ದ ಮೇಣದಬತ್ತಿ ಕಾರ್ಖಾನೆ ಕೆಲಸಗಾರರ ಮೇಲೆ ಕುಸಿಯಿತು. ಪಟ್ಟಣದ ಹಳೆಯ ಇಟ್ಟಿಗೆ ಚರ್ಚುಗಳು ಒಂದಾದ ಮೇಲೊಂದು ಉರುಳಿದವು. ಮರುದಿನವೊಂದು ಕಳೆದು ಭಾನುವಾರ ಬಂತು. ಕಟ್ಟಡ ಕಳೆದುಕೊಂಡ ಎರಡು ಸಭೆಗಳು, ಫಸ್ಟ್ ಕ್ರಿಶ್ಚಿಯನ್ ಮತ್ತು ಫಸ್ಟ್ ಪ್ರೆಸ್ಬಿಟೇರಿಯನ್, ಚಳಿಯಲ್ಲಿ ವಾಹನ ನಿಲ್ಲಿಸುವ ಬಯಲಿನಲ್ಲಿ ಒಟ್ಟಾಗಿ ಆರಾಧನೆ ಮಾಡಿ ರೊಟ್ಟಿ ಹಂಚಿಕೊಂಡವು. ಬೇರೆ ಬೇರೆ ಪದ್ಧತಿಯಲ್ಲಿ ಅಕ್ಕಪಕ್ಕ ಬಾಳಿದ ಸಭೆಗಳು ಅವು.

ಕ್ಯಾಮರಾಗಳು ಹೊರಟುಹೋದ ಮೇಲೆ ನಡೆಯುವ ಕೆಲಸಕ್ಕೆ ವರ್ಷಗಳು ಹಿಡಿಯುತ್ತವೆ. ಇಂಥ ಊರುಗಳಲ್ಲಿ ದೀರ್ಘಾವಧಿ ಪುನರ್ವಸತಿ ಸಮಿತಿ ಎಂದು ಒಂದು ಇರುತ್ತದೆ. ಬಹುಪಾಲು ಯಾವುದಾದರೂ ಚರ್ಚಿನ ಹಾಲಿನಲ್ಲಿ ಅದು ಸೇರುತ್ತದೆ. ಸರಕಾರದ ನೆರವು, ವಿಮೆಯ ಹಣ ಎಲ್ಲ ಮುಗಿದು, ಆದರೂ ಮನೆ ಅರ್ಧಕ್ಕೇ ನಿಂತವರ ಕಡತಗಳು ಅಲ್ಲಿಗೆ ಬರುತ್ತವೆ. ಕಡತದ ಮೇಲೆ ಹೆಸರಿರುವುದಿಲ್ಲ, ಮತ ಯಾವುದೆಂದು ಬರೆದಿರುವುದಿಲ್ಲ, ಸಂಖ್ಯೆ ಮಾತ್ರ. ಕಾರ್ಯಕರ್ತೆ ಓದುತ್ತಾಳೆ: ಗಂಡ ಇಲ್ಲ, ಇಬ್ಬರು ಮಕ್ಕಳು, ಛಾವಣಿ ಹಾಕಬೇಕು, ಮಳೆಗಾಲಕ್ಕೆ ಮುಂಚೆ. ಮೇಜಿನ ಸುತ್ತ ಕೂತ ಒಬ್ಬರು ಮರ ನಮ್ಮದು ಎನ್ನುತ್ತಾರೆ. ಇನ್ನೊಬ್ಬರು ಹೊದಿಕೆ ಸಾಮಾನಿನ ಹಣ ಒಪ್ಪಿಕೊಳ್ಳುತ್ತಾರೆ. ಮೆನೊನೈಟರವನು ಲೆಕ್ಕದ ಪುಸ್ತಕ ನೋಡಿ, ಆರು ಜನ ಬಡಗಿಗಳನ್ನು ಕಳಿಸಬಲ್ಲೆವು, ಅವರ ಮಧ್ಯಾಹ್ನದ ಊಟ ಯಾರಾದರೂ ಹೊರಬೇಕು ಎನ್ನುತ್ತಾನೆ. ಊಟ ಹೊರುವವರ ಹೆಸರು ಬರೆದುಕೊಂಡು ಆಕೆ ಮುಂದಿನ ಕಡತ ತೆಗೆಯುತ್ತಾಳೆ.